ಒಂದು ಕಿಲೋಮೀಟರಿನ ಒಳಗೆ

ಸಭೆ ಶುರುವಾದಾಗ ನಾನು ಅಡುಗೆಕೋಣೆಯ ಹೊಸ್ತಿಲಲ್ಲಿ
ಅಕ್ಕಿ ಆರಿಸುತ್ತ ಕೂತಿದ್ದೆ.
ಹದಿನಾಲ್ಕು ಮಕ್ಕಳ ಅಕ್ಕಿ,
ಒಂದೇ ಗೆರಸೆಗೆ ಮುಗಿಯುವಷ್ಟು.
ಎಂಬತ್ತು ಮಕ್ಕಳಿದ್ದಾಗ ನಾವು ಇಬ್ಬರಿದ್ದೆವು,
ನಾನು ಮತ್ತು ಅಪ್ಪಿ ಪೂಜಾರ್ತಿ.
ಅವಳ ಸೌಟು ಈಗಲೂ ಗೋಡೆಯ ಮೊಳೆಯಲ್ಲಿದೆ.

ಉಡುಪಿಯಿಂದ ಬಂದ ಸಾಹೇಬರು ನಕ್ಷೆ ಹಾಸಿದರು.
ಹೊಳೆಗಾಳಿಗೆ ಅದು ನಿಲ್ಲಲೊಲ್ಲದು.
ಮೂರು ಮೂಲೆಗೆ ಡಸ್ಟರು, ಗಂಟೆಯ ಕೋಲು, ಹಾಜರಿ ಪುಸ್ತಕ,
ನಾಲ್ಕನೆಯದಕ್ಕೆ ಅವರದೇ ಮೊಬೈಲು.
ಕೆಂಪು ಗೆರೆ ತೋರಿಸಿದರು:
ತೋಡಿನ ಪಡುವಲಿನವರು ಕೆಳಗಿನ ಶಾಲೆಗೆ,
ಮೂಡಲಿನವರು ಹೈವೇ ಆಚೆಯ ಶಾಲೆಗೆ.
ಇಲ್ಲಿಗೆ ಯಾರೂ ಇಲ್ಲ.
‘ಎರಡೂ ಒಂದು ಕಿಲೋಮೀಟರಿನ ಒಳಗೇ ಉಂಟು’
ಎಂದು ಸ್ಕೇಲು ಇಟ್ಟರು.

ಸಂಜೀವ ತಿಂಗಳಾಯ ಎದ್ದ. ಮಲ್ಪೆಯಿಂದ ನೇರ ಬಂದವ,
ಅಂಗಿಯಲ್ಲಿ ಮಂಜುಗಡ್ಡೆಯ ಒದ್ದೆ, ಕಣ್ಣಲ್ಲಿ ನಿದ್ದೆ.
‘ಸ್ಕೇಲು ಹೊಳೆ ದಾಟಿತು ಸಾರ್,
ನನ್ನ ಮಗಳು ದಾಟುವುದು ಹೇಗೆ?’
‘ಸಂಕ ಉಂಟಲ್ಲ?’
‘ಇತ್ತು,’ ಎಂದಳು ಫ್ಲೋರಿನ್ ಬಾಯಿ,
‘ಹೋದ ವರ್ಷದ ಆಟಿಯವರೆಗೆ.’

ಝುಲೈಕಾ ನಕ್ಷೆಯ ಮೇಲೆ ಬಗ್ಗಿ ತನ್ನ ಮನೆ ಹುಡುಕಿದಳು.
ಗೆರೆ ಅವಳ ಅಂಗಳದಲ್ಲೇ ಹಾದಿತ್ತು,
ಬಾವಿ ಪಡುವಲಿಗೆ, ಬಚ್ಚಲು ಮೂಡಲಿಗೆ.
‘ಅವಳಿ ಮಕ್ಕಳು ಮಾರಾಯ್ರೆ,
ಮಿಂದವನನ್ನು ಎಲ್ಲಿಗೆ ಕಳಿಸಲಿ, ಮೀಯದವಳನ್ನು ಎಲ್ಲಿಗೆ?’
ಸಾಹೇಬರೂ ನಕ್ಕರು.

ಶೇರ್ವೆಗಾರರು ನಗಲಿಲ್ಲ. ‘ಅಜ್ಜ ಬಿಟ್ಟುಕೊಟ್ಟ ಜಾಗ,
ಕನ್ನಡ ಶಾಲೆ, ಮುಚ್ಚಿದರೆ ಧರಣಿ ಕೂರುತ್ತೇನೆ.’
ಚಪ್ಪಾಳೆ ಬಿತ್ತು.
ಅವರ ಮೊಮ್ಮಗಳ ಹಳದಿ ಬಸ್ಸು
ದಿನಾ ಬೆಳಿಗ್ಗೆ ನನ್ನನ್ನು ದಾಟಿ ಹೋಗುತ್ತದೆ.
ಕಿಟಕಿಯಿಂದ ಕೈ ಬೀಸುತ್ತಾಳೆ, ಒಳ್ಳೆಯ ಹುಡುಗಿ.
ನನಗೊಂದು ಕಲ್ಲು ಸಿಕ್ಕಿತು, ಆಚೆ ಎಸೆದೆ.

ಆಮೇಲೆ ವಿಮಲಾಕ್ಷಿ, ಎದ್ದು ನಿಲ್ಲದೆಯೇ:
‘ಮುಚ್ಚಲಿ ಬಿಡಿ.
ಮೂರನೇ ಕ್ಲಾಸಿನಲ್ಲಿ ನನ್ನ ಮಗ ಒಬ್ಬನೇ.
ಮೊದಲು ಬರುವುದೂ ಅವನೇ, ಕೊನೆಗೆ ಬರುವುದೂ ಅವನೇ.
ಕಬಡ್ಡಿ ಅಂದರೆ ಎಂತ ಅಂತ ಟಿವಿಯಲ್ಲಿ ನೋಡುತ್ತಾನೆ.
ದೂರ ನಡೆದರೂ ಸರಿ,
ಪಕ್ಕದಲ್ಲಿ ಕೂರಲಿಕ್ಕೆ ಒಂದು ಮಗು ಬೇಕು ಅವನಿಗೆ.’

ಯಾರೂ ಮಾತಾಡಲಿಲ್ಲ. ಇದಕ್ಕೆ ಸ್ಕೇಲು ಇರಲಿಲ್ಲ.

‘ನಡೆದೇ ನೋಡುವ’ ಎಂದ ತಿಂಗಳಾಯ ಕಡೆಗೆ.
ಹೊರಟರು ಎಲ್ಲ, ಸಾಹೇಬರು ಬೂಟಿನಲ್ಲಿ,
ಮಕ್ಕಳು ಚೀಲ ಹೊತ್ತು, ಜಾತ್ರೆಗೆ ಹೋದ ಹಾಗೆ.
ಅವರು ಗೇಟು ದಾಟುವಾಗ ನಾನು ಎಸರಿಗೆ ಅಕ್ಕಿ ಹಾಕಿದೆ.
ಸರಕಾರದ ಬೆಳ್ತಿಗೆ ಅಲ್ಲ,
ಫ್ಲೋರಿನ್ ಬಾಯಿಯ ಗದ್ದೆಯ ಕುಚ್ಚಲಕ್ಕಿ,
ಮೊದಲ ಬೆಳೆ ಅಂತ ಕೊಟ್ಟದ್ದು.

ಕುದಿ ಬಂತು. ಹಳೇ ಸೇತುವೆಗೆ ಮುಟ್ಟಿರಬಹುದು.
ಉರಿ ತಗ್ಗಿಸಿದೆ. ಸಂತೆಕಟ್ಟೆಯ ಹತ್ತಿರ
ಟ್ಯಾಂಕರುಗಳ ನಡುವೆ ಸಣ್ಣವರ ಕೈ ಹಿಡಿದಿರಬಹುದು,
ನಾಲ್ಕು ಕೈ ಒಬ್ಬಳೇ ಹಿಡಿಯಲಿಕ್ಕಾಗುತ್ತದಾ?
ಸಾಂಬಾರಿಗೆ ಬಸಳೆ ಹೆಚ್ಚಿದೆ. ಕಾಯಿ ತುರಿದೆ.
ಸೌಟಿನಲ್ಲಿ ಎರಡು ಅಗುಳು ತೆಗೆದು ಹಿಚುಕಿದೆ:
ಒಳಗೆ ಇನ್ನೂ ಬಿಳಿ ಬೀಜ.

ಫೋನು ಬಂದಾಗ ಅಕ್ಕಿ ಅರಳಿತ್ತು.
‘ರುಕ್ಕಕ್ಕ, ಈಗ ಮುಟ್ಟಿದೆವು’ ಅಂದಳು ಫ್ಲೋರಿನ್,
ಏದುಸಿರಿನಲ್ಲಿ.
ಕಿಲೋಮೀಟರು ನನಗೆ ತಿಳಿಯದು.
ಒಂದು ಪಾತ್ರೆ ಕುಚ್ಚಲು ಬೇಯುವಷ್ಟು ದೂರ ಉಂಟು ಅದು,
ಹೋಗಲಿಕ್ಕೆ ಮಾತ್ರ.

ಹಿಂದೆ ಬರುವಾಗ ಟೆಂಪೋ ಮಾಡಿದರು.
ಸಾಹೇಬರು ಬೂಟು ಕಳಚಿ ಜಗಲಿಯಲ್ಲಿ ಉಂಡರು,
ಎರಡನೇ ಸಲ ಗಂಜಿತಿಳಿ ಕೇಳಿದರು.
ಫೈಲಿನಲ್ಲಿ ಏನೋ ಬರೆದರು.
ಏನೆಂದು ಯಾರಿಗೂ ತೋರಿಸಲಿಲ್ಲ,
ನನ್ನ ಕೆಲಸದ ಬಗ್ಗೆ ನಾನು ಕೇಳಲಿಲ್ಲ.

ಸೋಮವಾರ ಹದಿಮೂರು ಮಕ್ಕಳು.
ನಾನು ಅಳೆದು ಹಾಕಿದ್ದು ಹದಿನಾಲ್ಕು.
ತಟ್ಟೆ ತೊಳೆಯುವಾಗ ಬಳಸದ ಒಂದನ್ನೂ ತೊಳೆದೆ.
ಅದರ ಅಂಚಿನಲ್ಲಿ ಮೊಳೆಯಿಂದ ಕೊರೆದಿದ್ದ
ಹೆಸರಿನ ಬದಲು:
ಮೂರನೇ ಕ್ಲಾಸು.